ಬೆಲ್ಟ್ ಹಾಕದವಳು

ನಗೋರು ಈಗಲೇ ನಕ್ಕುಬಿಡಿ. ನಡುವೆ ಬಾಯಿ ಹಾಕಿದ್ರೆ ನಾನು ಮುಂದೆ ಹೇಳಲ್ಲ. ಇದು ಎಲ್ಲೋ ಕೇಳಿದ್ದಲ್ಲ, ಬೀಸ್ಟನ್‌ನಲ್ಲಿ ನಮ್ಮ ಪಕ್ಕದ ಮನೆ ಉಮಾಶಂಕರನಿಗೆ ಆದದ್ದು. ಎರಡು ಸಾವಿರದ ಹತ್ತರ ಡಿಸೆಂಬರ್‌ನಲ್ಲಿ, ಆ ಹಾಳು ಹಿಮ ಬಿತ್ತಲ್ಲ, ಆವಾಗ.

ಶನಿವಾರ. ಗಂಟೆ ಇನ್ನೂ ಐದು, ಆದ್ರೆ ಈ ಇಂಗ್ಲಿಷರ ದೇಶದಲ್ಲಿ ಡಿಸೆಂಬರ್‌ನಲ್ಲಿ ಐದು ಅಂದ್ರೆ ಕಗ್ಗತ್ತಲು. ಉಮಾಶಂಕರ ಕಾಲುವೆ ದಂಡೆ ಹಿಡಿದು ಮನೆಗೆ ನಡೆದು ಬರ್ತಿದ್ದ. ಕಾರು ಕೈ ಕೊಟ್ಟಿತ್ತು. ಮೂರು ದಿನದಿಂದ ಬ್ಯಾಟರಿ ಚಿತ್ರದ ಕೆಂಪು ದೀಪ ಉರೀತಿತ್ತು, ಆ ಬೆಳಿಗ್ಗೆ ಕೀಲಿ ತಿರುಗಿಸಿದ್ರೆ ಬರೀ ಟಕ್ ಟಕ್ ಟಕ್. ವೋಲ್ಟ್ ಅಳೆಯೋ ಮೀಟರ್ ಒಂದು, ಚಾರ್ಜರ್ ಒಂದು ಕೊಂಡು ಚೀಲದಲ್ಲಿ ಹಾಕ್ಕೊಂಡಿದ್ದ. ಕಾಲ ಕೆಳಗೆ ಹಿಮ ಕರಕರ… ಕರಕರ. ದೋಣಿ ಏರಿಸಿ ಇಳಿಸೋ ಲಾಕ್ ಇದೆಯಲ್ಲ, ಅದರ ಮರದ ಬಾಗಿಲ ಸಂದಿಯಿಂದ ನೀರು ತೊಟ್… ತೊಟ್ ಅಂತಿತ್ತು.

ಅಲ್ಲಿನ ಬೆಂಚಿನ ಮೇಲೆ ಒಬ್ಬಳು ಮುದುಕಿ. ನೈಟಿ ಮೇಲೊಂದು ಕೋಟು.

"ಸ್ಟಾರ್ಟ್ ಆಯ್ತಾ, ಡಕ್?"

ಈ ಕಡೆ ಜನ ಎಲ್ಲರನ್ನೂ ಡಕ್ ಅಂತಾರೆ, ನಾವು ಮರಿ, ಕಂದ ಅನ್ನೋ ಹಾಗೆ. ಬೆಳಿಗ್ಗೆ ತಾನು ಬಾನೆಟ್ ಎತ್ತಿ ಒದ್ದಾಡಿದ್ದನ್ನ ಈಯಮ್ಮ ನೋಡಿರಬೇಕು ಅಂದ್ಕೊಂಡ.

"ಇನ್ನೂ ಇಲ್ಲ," ಅಂದ.

"ಬೇಗ ಮಾಡು…" ಪಿಸುಗುಟ್ಟಿದಳು. "ನಂಗೆ ಹೊತ್ತಾಗ್ತಿದೆ."

ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದ. ಬೆಂಚಿನ ಮೇಲೆ ಗೇಣುದ್ದ ಹಿಮ. ಯಾರೂ ಕೂತ ಗುರುತೇ ಇಲ್ಲ. ಅವನು ಮತ್ತೆ ತಿರುಗಲಿಲ್ಲ, ಬಿರಬಿರನೆ ಮನೆ ಸೇರಿದ.

ಮನೆಯಲ್ಲಿ ಪ್ರತೀಕ್ಷಾ, ಅವನ ಹೆಂಡತಿ, ಎಂಟೂವರೆ ತಿಂಗಳ ಬಸುರಿ. ಅವಳ ಮಾಸು ಕೆಳಕ್ಕಿದೆ, ಒಂದು ತೊಟ್ಟು ರಕ್ತ ಕಂಡ್ರೂ ತಕ್ಷಣ ಬನ್ನಿ, ತಡವಾದ್ರೆ ಇಬ್ಬರಿಗೂ ಕಷ್ಟ ಅಂತ ಡಾಕ್ಟರು ಹೇಳಿದ್ರು. ಆಸ್ಪತ್ರೆ ಐದಾರು ಮೈಲಿ. ನಾವು ಆ ವಾರ ಲೆಸ್ಟರ್‌ನಲ್ಲಿ ಹಿಮಕ್ಕೆ ಸಿಕ್ಕಿಹಾಕ್ಕೊಂಡಿದ್ವಿ. ಟ್ಯಾಕ್ಸಿಯೋರು ಫೋನೇ ಎತ್ತಲ್ಲ. ಆ ಕಾರು ಹೊರಡಲೇಬೇಕಿತ್ತು.

ಕಾರು ಹಳೇದು. ಲಾಂಗ್ ಈಟನ್‌ನ ಡೆರಿಕ್ ಅನ್ನೋ ಮುದುಕನ ಹತ್ರ ಕೊಂಡದ್ದು. "ಒಂದೇ ಒಂದು ಸಲ ಕೈ ಕೊಟ್ಟಿದೆ," ಅಂದಿದ್ದನಂತೆ ಆ ಮುದುಕ, ಮಾರುವಾಗ. ಯಾವಾಗ ಅಂತ ಇವನು ಕೇಳಲಿಲ್ಲ.

ಒಂದು ಗಂಟೆ ಚಾರ್ಜ್ ಕೊಟ್ಟ ಮೇಲೆ ಎಂಜಿನ್ ಹತ್ತಿಕೊಂಡಿತು. ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು ಮೀಟರ್ ಹಿಡಿದ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಬ್ಯಾಟರಿ ತುಂಬಬೇಕು, ಮೀಟರ್ ಹದಿನಾಲ್ಕು ತೋರಿಸಬೇಕು. ಇದು ಹನ್ನೆರಡು ತೋರಿಸಿ ಇಳೀತಾ ಹೋಯ್ತು. ಅಲ್ಲಿಗೆ ಕೆಟ್ಟಿರೋದು ಆಲ್ಟರ್ನೇಟರ್ ಅಂತ ಗೊತ್ತಾಯ್ತಲ್ಲ? ಇಲ್ಲ, ಇವನಿಗೆ ಮೀಟರ್ ಸಾಲದು. ಪ್ರತೀಕ್ಷಾಳ ಸೋದರಮಾವ ನಿಂಗಪ್ಪನವರು ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಗ್ಯಾರೇಜ್ ಇಟ್ಟವರು. ಅಲ್ಲಿ ನಡುರಾತ್ರಿ, ಆದ್ರೂ ಫೋನ್ ಎತ್ತಿದ್ರು.

"ಗಾಡಿ ಚಾಲೂ ಇರ್ಲಿ, ಬ್ಯಾಟರಿ ವೈರ್ ಕಿತ್ತ ನೋಡಪಾ," ಅಂದ್ರು. "ಗಾಡಿ ನಿಂತ್ರ ಡೈನಮೋ ಸತ್ತೈತಿ. ನಿಲ್ಲಲಿಲ್ಲ ಅಂದ್ರ ಬ್ಯಾಟರಿ ಸತ್ತೈತಿ."

ಅವರ ಬಾಯಲ್ಲಿ ಡೈನಮೋ ಅಂದ್ರೆ ಈ ಆಲ್ಟರ್ನೇಟರೇ. ಅದು ಅಂಬಾಸಿಡರ್ ಕಾಲದ ಪರೀಕ್ಷೆ, ಈಗಿನ ಗಾಡಿಗೆ ಮಾಡಬಾರದು. ಆದ್ರೆ ಮಾವ ಹೇಳಿದ ಮೇಲೆ ಮುಗೀತು. ಸ್ಪ್ಯಾನರ್ ಹಾಕಿ ವೈರ್ ಕಿತ್ತ.

ಎಂಜಿನ್ ನಿಲ್ಲಲಿಲ್ಲ.

ಗುರ್ರ್ ಅಂತ ಒಂದೇ ಸಮನೆ ಓಡ್ತಿತ್ತು. ಅದರ ಜೊತೆ ಒಳಗಿಂದ ಇನ್ನೊಂದು ಸದ್ದು. ಟಿಂಗ್… ಟಿಂಗ್… ಟಿಂಗ್. ಮುಂದೆ ಪಕ್ಕದಲ್ಲಿ ಕೂತವರು ಸೀಟ್ ಬೆಲ್ಟ್ ಹಾಕದಿದ್ರೆ ಹೊಡ್ಕೊಳ್ಳುತ್ತಲ್ಲ, ಆ ಗಂಟೆ. ಸೀಟು ಖಾಲಿ.

ಕೀಲಿ ತೆಗೆದು ಒಳಗೆ ಬಂದ. "ಆಲ್ಟರ್ನೇಟರ್ ಸರಿ ಇದೆ, ಬ್ಯಾಟರಿದೇ ತಪ್ಪು," ಅಂದ.

"ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ," ಅಂದಳು ಪ್ರತೀಕ್ಷಾ. "ಮೀಟರ್ ಯಾಕೆ ಸುಳ್ಳು ಹೇಳುತ್ತೆ?"

ಅವನು ಬ್ಯಾಟರಿ ಬಿಚ್ಚಿ ತಂದು, ಅಡುಗೆಮನೆ ನೆಲದಲ್ಲಿ ಹಳೆ ಪೇಪರ್ ಹಾಸಿ, ಬೆಳಗಿನವರೆಗೆ ಇರಲಿ ಅಂತ ಚಾರ್ಜಿಗೆ ಹಾಕಿದ.

ಒಂಬತ್ತು ಗಂಟೆಗೆ ಬಚ್ಚಲಿಂದ ಕೂಗಿದಳು. ನೆಲವೆಲ್ಲ ರಕ್ತ.

ಆಂಬುಲೆನ್ಸ್‌ಗೆ ಫೋನ್ ಮಾಡಿದ. ಹಿಮ, ಎರಡು ಗಂಟೆ ಆಗಬಹುದು ಅಂದ್ರು. ಎರಡು ಗಂಟೆ… ಅವನ ತಲೆ ನಿಂತೇ ಹೋಯ್ತು. ರಗ್ಗು ಸುತ್ತಿ ಅವಳನ್ನ ಎತ್ತಿಕೊಂಡು ಓಡಿದ. ರಿಮೋಟ್ ಒತ್ತಿದ್ರೆ ಕಾರು ತೆರೀಲಿಲ್ಲ, ಕೀಲಿ ಹಾಕಿ ತೆರೆದ. ಹಿಂದಿನ ಸೀಟಿನಲ್ಲಿ ಮಲಗಿಸಿದ. ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಗುರ್ರ್ ಅಂತು. ಹೆಡ್‌ಲೈಟ್ ಹತ್ತಿತು. ಕೆಂಪು ದೀಪ ಇರಲಿಲ್ಲ.

ಮತ್ತೆ ಟಿಂಗ್… ಟಿಂಗ್… ಟಿಂಗ್. ಕಾಲುವೆ ರಸ್ತೆ ದಾಟಿದರೂ ನಿಲ್ಲಲಿಲ್ಲ.

"ರೀ…" ಹಿಂದಿನಿಂದ ಪ್ರತೀಕ್ಷಾಳ ಪಿಸುದನಿ. "ಮುಂದೆ ಯಾರು ಕೂತಿರೋದು?"

"ಯಾರೂ ಇಲ್ಲ. ಮಾತಾಡಬೇಡ."

"ಅವರ ಕೂದಲಲ್ಲಿ ಹಿಮ ಇದೆ…"

ಅವನು ಎಡಕ್ಕೆ ತಿರುಗಲಿಲ್ಲ. ತಿರುಗಿದ್ರೆ ಸ್ಟಿಯರಿಂಗ್ ಬಿಟ್ಟುಬಿಡ್ತಿದ್ದೆ ಅಂತ ನನ್ನ ಮುಂದೆ ಹೇಳಿ ಅತ್ತಿದ್ದಾನೆ, ಆರಡಿ ಆಳು. ಎಡಗೆನ್ನೆ ಮಾತ್ರ ಮರಗಟ್ಟಿ ಹೋಗಿತ್ತಂತೆ.

ಆಸ್ಪತ್ರೆ ಬಾಗಿಲಲ್ಲಿ ನಿಲ್ಲಿಸಿದ. ನರ್ಸುಗಳು ಬಂದು ಪ್ರತೀಕ್ಷಾಳನ್ನ ಒಳಗೆ ತಳ್ಳಿಕೊಂಡು ಹೋದ್ರು. ಆಗ ಮುಂದಿನ ಎಡಬಾಗಿಲು ತಾನೇ ಧಡ್ ಅಂತ ಮುಚ್ಚಿಕೊಂಡಿತು. ಅದನ್ನ ಯಾರೂ ತೆಗೆದಿರಲಿಲ್ಲ. ಗಂಟೆ ನಿಂತಿತು. ಎಂಜಿನ್ನೂ ನಿಂತಿತು.

ಆಪರೇಷನ್ ಆಯ್ತು. ಹೆಣ್ಣು ಮಗು. ತಾಯಿಗೆ ಆರು ಬಾಟಲಿ ರಕ್ತ ಕೊಟ್ರು. ಇನ್ನು ಹತ್ತು ನಿಮಿಷ ತಡವಾಗಿದ್ರೆ ಇಬ್ಬರೂ ಇರ್ತಿರಲಿಲ್ಲ ಅಂದ್ರಂತೆ.

ಬೆಳಿಗ್ಗೆ ಕಾರು ಉಸಿರೇ ಎತ್ತಲಿಲ್ಲ. ಎಳೆದೊಯ್ಯೋಕೆ ಬಂದ ಮೆಕ್ಯಾನಿಕ್ ಬಾನೆಟ್ ಎತ್ತಿದ.

"ಬ್ಯಾಟರಿ ಎಲ್ಲಿ, ಡಕ್?"

ಜಾಗ ಖಾಲಿ. ಎರಡು ವೈರು ನೇತಾಡ್ತಿದ್ವು. ಆಗ ನೆನಪಾಯ್ತು ಅವನಿಗೆ. ಆಮೇಲೆ ಗ್ಯಾರೇಜಿನಲ್ಲಿ ಆಲ್ಟರ್ನೇಟರ್ ಬಿಚ್ಚಿದ್ರೆ ಒಳಗೆಲ್ಲ ಸುಟ್ಟು ಕರಕಲು. ಸತ್ತು ಎಷ್ಟೋ ದಿನ ಆಗಿದೆ ಅಂದ್ರು. ಮೀಟರ್ ನಿಜವನ್ನೇ ಹೇಳಿತ್ತು.

ಅವನು ಡೆರಿಕ್‌ಗೆ ಫೋನ್ ಮಾಡಿದ. ಕೇಳಿದ್ದು ಇಷ್ಟೇ… ಸೀಟಿನಲ್ಲಿ ಯಾರೂ ಇಲ್ಲದಿದ್ರೂ ಬೆಲ್ಟಿನ ಗಂಟೆ ಹೊಡ್ಕೊಳ್ಳುತ್ತೆ, ಮೊದಲೂ ಹೀಗಾಗ್ತಿತ್ತಾ?

"ಬೆರಿಲ್ ಬೆಲ್ಟ್ ಹಾಕ್ತಾನೇ ಇರಲಿಲ್ಲ," ಅಂದ ಮುದುಕ. ಬೆರಿಲ್ ಅವನ ಹೆಂಡತಿ. ಹಿಂದಿನ ಜನವರಿಯಲ್ಲಿ ಅವಳಿಗೆ ಎದೆನೋವು. ಇದೇ ಆಸ್ಪತ್ರೆಗೆ ಹೊರಟಿದ್ದು. ಕಾಲುವೆ ರಸ್ತೆಯಲ್ಲಿ ಕೆಂಪು ದೀಪ ಹತ್ತಿ ಕಾರು ನಿಂತಿತು, ಹಿಮದಲ್ಲಿ. ಆ ಸೀಟಿನಲ್ಲೇ ಅವಳ ಜೀವ ಹೋಯ್ತು.

ಆಮೇಲೆ ಮುದುಕ ದನಿ ತಗ್ಗಿಸಿ ಕೇಳಿದ, "ಈ ಸಲ… ಅವಳು ಆಸ್ಪತ್ರೆ ಬಾಗಿಲವರೆಗೂ ಹೋದಳಾ?"

ಬೆಂಚಿನ ಸುದ್ದಿಯನ್ನಾಗಲಿ, ಆಸ್ಪತ್ರೆ ಸುದ್ದಿಯನ್ನಾಗಲಿ ಉಮಾಶಂಕರ ಅವನಿಗೆ ಹೇಳೇ ಇರಲಿಲ್ಲ.

ಹೆದರಿದವನ ಭ್ರಮೆ ಅಂತೀರೇನೋ. ಅನ್ನಿ. ಭಾನುವಾರ ಮಧ್ಯಾಹ್ನ ಲೆಸ್ಟರ್‌ನಿಂದ ಬಂದವಳೇ, ಮಗುವಿನ ಬಟ್ಟೆ ತರೋಕೆ ಅವರ ಮನೆ ಬೀಗ ತೆಗೆದವಳು ನಾನು. ಬಚ್ಚಲ ರಕ್ತ ತೊಳೆದವಳೂ ನಾನೇ. ಬ್ಯಾಟರಿ ಅಡುಗೆಮನೆಯಲ್ಲೇ ಇತ್ತು, ಪೇಪರ್ ಮೇಲೆ. ಚಾರ್ಜರ್‌ನ ಹಸಿರು ದೀಪ ಉರೀತಿತ್ತು. ಸ್ವಿಚ್ ಆರಿಸಿದ್ದು ಈ ಕೈ.