ಏಳನೇ ಮಿಷನ್ನಿನ ಕಾಲಡಿ

ಮಾನ್ಯ ಅಧ್ಯಕ್ಷರೇ, ಇವತ್ತು ಸನ್ಮಾನ ಪಡೆದ ನಮ್ಮ ಕಾರ್ಖಾನೆಯ ಯಜಮಾನರೇ, ಹೊರದೇಶದಿಂದ ಬಂದ ಅತಿಥಿಗಳೇ, ಕುರ್ಚಿ ಸಾಲದೆ ಹಿಂದೆ ನಿಂತಿರುವ ಗುಂಡಿಗೆ ತೂತು ಕೊರೆಯುವ ನನ್ನ ವಿಭಾಗದ ಅಕ್ಕಂದಿರೇ, ಸಭಿಕರೇ,

ಭಾಷಣ ಮುಗಿದ ಮೇಲೆ ಈ ಹಾಳೆಯನ್ನು ಕಚೇರಿಯ ಫೈಲಿಗೆ ಹಾಕುತ್ತಾರಂತೆ. ಓದುವವರು ಕ್ಷಮಿಸಬೇಕು. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಅಕ್ಷರ ಕೋಳಿ ಕೆದರಿದ ಹಾಗಿದೆ, ಒತ್ತು ಎಲ್ಲೆಲ್ಲಿ ಬಿಟ್ಟುಹೋಗಿದೆಯೋ ನನಗೇ ತಿಳಿಯದು. ನಾಲ್ಕು ಜನರೆದುರು ಮಾತನಾಡಿ ಅಭ್ಯಾಸವೂ ಇಲ್ಲ. ಸೂಪರ್‌ವೈಸರ್ ಅಣ್ಣನಿಗೆ ಅದನ್ನೇ ಹೇಳಿದೆ. "ಅದಕ್ಕೇ ಕಣಮ್ಮ ನಿನ್ನ ಹೆಸರು ಕೊಟ್ಟಿದ್ದು. ಬೇರೆಯವರಾದ್ರೆ ಮಾತಾಡಿಬಿಡ್ತಾರೆ" ಅಂದರು.

ನಮ್ಮ ಯಜಮಾನರು ಈ ಅಂಗಿ ಗುಂಡಿಯ ಕಾರ್ಖಾನೆಯನ್ನು ಹೊರದೇಶಕ್ಕೆ ಯಾಕೆ ಒಯ್ಯುತ್ತಿದ್ದಾರೆ? ಈಗತಾನೇ ಅವರೇ ವಿವರಿಸಿದರು. ಅಲ್ಲಿ ಜಾಗ ಪುಕ್ಕಟೆ. ಹತ್ತು ವರ್ಷ ತೆರಿಗೆ ಇಲ್ಲ. ಗುಂಡಿ ಕೊಳ್ಳುವ ಅಂಗಿ ಕಂಪನಿಗಳು ಪಕ್ಕದ ಬೀದಿಯಲ್ಲೇ ಇವೆ, ಹಡಗಿನ ಬಾಡಿಗೆ ಉಳಿಯುತ್ತದೆ. ಎಲ್ಲವೂ ಸರಿಯಾದ ಮಾತೇ. ಕೂಲಿ ಇಲ್ಲಿಯದರ ಅರ್ಧವಂತೆ. ನಮ್ಮ ಕೂಲಿಯಲ್ಲೂ ಅರ್ಧ ಮಾಡುವಷ್ಟಿತ್ತು ಎಂದು ಇವತ್ತೇ ಗೊತ್ತಾದದ್ದು, ಹೆಮ್ಮೆಯಾಯಿತು. ಅಲ್ಲಿನ ಹೆಂಗಸರು ರಜೆ ಕೇಳುವುದಿಲ್ಲವಂತೆ. ನಮ್ಮಕ್ಕ ಕೇಳಿದ್ದಳು, ಹೆರಿಗೆಗೆ. ಮುಂದಿನ ತಿಂಗಳು ತಗೋ ಅಂದರು. ಮಗುವನ್ನು ಮುಂದಿನ ತಿಂಗಳಿಗೆ ಹಾಕುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಅತಿಥಿಗಳಿಗೆ ಇಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಏಳನೇ ಮಿಷನ್ನು. ಅದು ಗುಂಡಿಗೆ ನಾಲ್ಕು ತೂತು ಕೊರೆಯುತ್ತದೆ. ಬೇರೆ ಮಿಷನ್ನುಗಳಲ್ಲಿ ನೂರಕ್ಕೆ ಐದು ಗುಂಡಿ ಹಾಳು, ಏಳನೆಯದರಲ್ಲಿ ಒಂದೂ ಇಲ್ಲ. ಮೊದಲು ಅದರಲ್ಲಿ ಕೂರುತ್ತಿದ್ದವಳು ನನ್ನ ಚಿಕ್ಕಮ್ಮ. ತೂತು ನೋಡಿ ನೋಡಿ ಅವಳ ಕಣ್ಣು ಹೋದ ಮೇಲೆ ನಾನು ಕೂತೆ. ಮನೆಯಲ್ಲಿ ಈಗ ದುಡಿಯುವವಳು ನಾನೊಬ್ಬಳೇ.

ಅತಿಥಿಗಳು ಮೂರು ವಾರ ನನ್ನ ಬೆನ್ನ ಹಿಂದೆ ನಿಂತು, ಅಲ್ಲಿನವರಿಗೆ ಕಲಿಸಲೆಂದು ಕೈಗಳ ವಿಡಿಯೋ ತೆಗೆದರು. ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದು, "ಏನೂ ಮುಚ್ಚಿಡದೆ ಹೇಳಿಕೊಡು ತಾಯಿ. ಇಲ್ಲಿನ ಗೋದಾಮಿಗೆ ಇಪ್ಪತ್ತು ಜನರನ್ನ ಉಳಿಸಿಕೊಳ್ತೀವಿ, ಮೊದಲನೇ ಹೆಸರು ನಿಂದೇ" ಅಂದರು. ನಾನು ಹೇಳಿಕೊಟ್ಟೆ. ಎಣ್ಣೆ ಎಷ್ಟು ಎಂದರು, ಹೇಳಿದೆ. ಬೆರಳು ಎಲ್ಲಿ ಎಂದರು, ತೋರಿಸಿದೆ.

ಸೋಮವಾರ ಆ ಇಪ್ಪತ್ತು ಜನರ ಪಟ್ಟಿ ಹಾಕಿದರು. ಮೇಲಿಂದ ಓದಿದೆ, ಕೆಳಗಿಂದ ಓದಿದೆ. ನನ್ನ ಓದಿನ ಮೇಲೆ ನನಗೆ ನಂಬಿಕೆಯಿಲ್ಲದೆ ಗೇಟಿನ ತಾತನನ್ನು ಕರೆದೆ. "ಇಲ್ಲ ಮಗಳೇ, ಎರಡು ಸಲ ನೋಡಿದೆ" ಅಂದರು. ಮ್ಯಾನೇಜರ್ ಸಾಹೇಬರನ್ನೇ ಕೇಳಿದೆ. "ಅಂದಿದ್ದು ನಿಜ ಕಣಮ್ಮ. ಆದರೆ ಅದು ಆಗಿನ ಮಾತು" ಅಂದರು. ಸುಳ್ಳು ಹೇಳಲಿಲ್ಲ, ಅಷ್ಟು ದೊಡ್ಡತನ ಅವರದು.

ಒಂದು ವಿಷಯ ಮಾತ್ರ ಅತಿಥಿಗಳು ಕೇಳಲಿಲ್ಲ. ಏಳನೇ ಮಿಷನ್ನಿನ ಒಂದು ಕಾಲು ಹುಟ್ಟಿನಿಂದಲೇ ಗಿಡ್ಡ. ಮೊದಲು ಅದು ಕುಣಿಯುತ್ತಿತ್ತು, ತೂತುಗಳು ದಿಕ್ಕಿಗೊಂದರಂತೆ ಬೀಳುತ್ತಿದ್ದವು. ಮರದ ತುಂಡು ಇಟ್ಟರು, ಕಬ್ಬಿಣದ ತಗಡು ಇಟ್ಟರು, ನಿಲ್ಲಲಿಲ್ಲ. ಕೊನೆಗೆ ಚಿಕ್ಕಮ್ಮ ತನ್ನ ಸವೆದ ಚಪ್ಪಲಿಯ ಹಿಮ್ಮಡಿ ಕತ್ತರಿಸಿ ಕಾಲಡಿ ತುರುಕಿದಳು. ಮಿಷನ್ನು ನಿಂತಿತು, ಚಿಕ್ಕಮ್ಮ ಕುಂಟುತ್ತಾ ಮನೆಗೆ ಬಂದಳು. "ಕಂಪನಿಗೆ ಕಾಲೂ ಕೊಟ್ಟು ಬರ್ತೀಯೇನೇ?" ಎಂದು ಚಿಕ್ಕಪ್ಪ ರೇಗಿದರು. ಅತಿಥಿಗಳು ಮೂರು ವಾರದಲ್ಲಿ ಒಮ್ಮೆಯೂ ಬಗ್ಗಿ ನೋಡಲಿಲ್ಲ.

ಯಜಮಾನರಿಗೆ ಒಳ್ಳೆಯದಾಗಲಿ. ಕೇಳಿಸಿಕೊಂಡ ನಿಮಗೆಲ್ಲ ಉಪಕಾರ. ಇನ್ನೊಂದು ಮಾತು, ಇದು ಹಾಳೆಯಲ್ಲಿಲ್ಲ. ಕಂಪನಿಯ ಸಾಮಾನೆಲ್ಲ ಹಡಗಿನ ಪೆಟ್ಟಿಗೆಗೆ, ಸ್ವಂತ ವಸ್ತುಗಳನ್ನು ಬೆಳಿಗ್ಗೆ ಎಂಟು ಗಂಟೆಯೊಳಗೆ ಒಯ್ಯಿರಿ ಎಂದು ಗೋಡೆಗೆ ಚೀಟಿ ಅಂಟಿಸಿದ್ದರು. ಹೇಳಿದ ಮಾತನ್ನು ನಾನು ಮೀರುವವಳಲ್ಲ. ಇವತ್ತು ಬೆಳಿಗ್ಗೆ ಬೇಗ ಬಂದು ನನ್ನ ಬುತ್ತಿ ಡಬ್ಬಿ, ಬಾಚಣಿಗೆ ತೆಗೆದುಕೊಂಡೆ. ಆಮೇಲೆ ಇಬ್ಬರು ಅಕ್ಕಂದಿರು ಹಾರೆ ಹಾಕಿ ಮಿಷನ್ನನ್ನು ತುಸು ಎತ್ತಿದರು. ನಾನು ಬಗ್ಗಿ, ಚಿಕ್ಕಮ್ಮನ ಚಪ್ಪಲಿಯ ಹಿಮ್ಮಡಿಯನ್ನು ಎಳೆದುಕೊಂಡು, ಧೂಳು ಒರೆಸಿ ಚೀಲಕ್ಕೆ ಹಾಕಿಕೊಂಡೆ.

ನಮಸ್ಕಾರ.