ಸಿಗ್ರಿಡ್ ಬರೆದ ಶಿಫಾರಸು ಪತ್ರ

ಉತ್ತರ ಮಿನೆಸೋಟದ ಐಸ್ ಹಾಕಿ ಅಂಗಣದ ಕಾಫಿ ಸಾಲಿನಲ್ಲಿ ಮುಂದೆ ನಿಂತಿದ್ದ ಇಬ್ಬರನ್ನೂ ಗೋಲ್‌ಕೀಪರ್ ಹುಡುಗಿಯ ತಾಯಿ ಮಾರ್ಲಿಸ್ ಬಲ್ಲಳು. ಕಾಲೇಜಿನ ಹುಡುಗಿಯರ ತಂಡಕ್ಕೆ ಇಪ್ಪತ್ತೆರಡು ವರ್ಷ ಮುಖ್ಯ ಕೋಚ್ ಆಗಿದ್ದ ಸಿಗ್ರಿಡ್‌ಳನ್ನು ಮಾರ್ಚ್‌ನಲ್ಲಿ ತೆಗೆದುಹಾಕಿದ್ದರು. ಆ ಜಾಗಕ್ಕೆ ಬಂದವಳು ಅವಳದೇ ಶಿಷ್ಯೆ ಬ್ರಿನ್.

"ಕೋಚ್, ಫೋನ್ ಮಾಡ್ಬೇಕು ಅಂತಾನೇ ಇದ್ದೆ."

"ಈಗ ಕೋಚ್ ನೀನಲ್ವೇನೇ."

"ಜಾಗ ಖಾಲಿಯಾಗತ್ತೆ ಅಂದ್ರು, ಅರ್ಜಿ ಹಾಕ್ದೆ."

"ಯಾವಾಗ ಅಂದ್ರು?"

ಬ್ರಿನ್ ಕೈಗವಸು ಕಳಚಿದಳು. "ಜನವರೀಲಿ."

"ಆಗ ನಾನಿನ್ನೂ ಇಲ್ಲೇ ಆಟ ಆಡಿಸ್ತಿದ್ದೆ."

"ಗೊತ್ತು."

"ಶಿಫಾರಸು ಪತ್ರ ಬರೆಸ್ಕೊಂಡೆಯಲ್ಲ, ಇದಕ್ಕೇನಾ?"

"ಎಲ್ಲಿಗೆ ಅಂತ ನೀವು ಕೇಳ್ಲಿಲ್ಲ."

"ನಿನಗೆ ಬರೆಯೋವಾಗ ಯಾಕೆ ಕೇಳ್ಲಿ?"

ಸಿಗ್ರಿಡ್ ಕಾಫಿ ಕೊಳ್ಳದೆ ಬಾಗಿಲ ಕಡೆ ನಡೆದಳು. ಬ್ರಿನ್ ಹುಡುಗಿಯರಿದ್ದ ಒಳಕೋಣೆಗೆ ಹೋದಳು. ಮುಂದೆ ಜಾಗ ತೆರವಾಗಿದ್ದರೂ ಮಾರ್ಲಿಸ್‌ಗೆ ಹೆಜ್ಜೆ ಇಡಲು ಮನಸ್ಸಾಗಲಿಲ್ಲ.