ಬಲಗಡಿ ಹಿಡಿಕಿ

ಹತ್ತಿರ ಸರದು ಕುಂದರ್ರಿ ಮಕ್ಕಳಾ, ಹೊದಿಕಿ ಹೊಚ್ಚಿಕೊಳ್ರಿ. ಇದು ಎಲ್ಲೋ ಕೇಳಿದ್ದಲ್ಲ... ನನ್ನ ತಂಗಿ ಮಗ ಹುಸೇನಪ್ಪಗ ಆದದ್ದು.

ಅಂವ ಬಿಬವೇವಾಡಿಯ ಕಟ್ಟಿಗಿ ವಖಾರದಾಗ ಕೆಲಸಕ್ಕಿದ್ದಾನ. ಬಾಗಲಕ್ಕ ಹತ್ತಿ ಒಂದು ಹಾಳುಬಾವಿ. ಒಳಗ ಕರೆಂಟಿನ ಮ್ಯಾಲೆ ನಡಿಯೋ ಕಟ್ಟಿಗಿ ಸೀಳೋ ಮಷಿನ್. ಅದಕ್ಕ ಎರಡು ಹಿಡಿಕಿ. ಎರಡೂ ಕೈಲೆ ಎರಡನ್ನೂ ಒತ್ತಿ ಹಿಡದ್ರಷ್ಟ ಕಬ್ಬಿಣದ ಹಲಗಿ ಮುಂದ ಬಂದು ದಿಮ್ಮೀನ ಬೆಣಿಗೆ ದಬ್ಬತದ. ಒಂದು ಬಿಟ್ರೂ ಹಿಂದ ಸರೀತದ. ಕೈ ನಡುವ ಹೋಗಬಾರದಂತ ಹಂಗ ಮಾಡ್ಯಾರ.

ಕೆಲಸ ಕಲಿಸಿದಾಂವ ಏಕನಾಥ ಮುತ್ಯಾ, ಮರಾಠಿಯಾಂವ. ಕನ್ನಡ ತಿಳೀತಿದ್ದಿಲ್ಲ. ಹುಸೇನಪ್ಪ "ಗಿರಾಕಿ ಬಂದ" ಅಂದ್ರ, ಮುತ್ಯಾ ಅದನ್ನ "ಬಂದ್" ಅಂತ ತಿಳಕೊಂಡು, ಚಪ್ಪಲಿ ಎಳಕೋತ ಹೋಗಿ ಗ್ವಾಡಿ ಮ್ಯಾಲಿನ ಮಷಿನ್ ಬಟನ್ ಆರಿಸಿಬಿಡ್ತಿದ್ದ. ಇಬ್ರೂ ಹೊಟ್ಟಿ ಹಿಡಕೊಂಡು ನಗ್ತಿದ್ರು. ದಿನಾ ಸಂಜಿಕ ಮುತ್ಯಾ ಆ ಬಾವಿ ಕಟ್ಟಿ ಮ್ಯಾಲೆ ಕುಂತು ಚಾ ಕುಡೀತಿದ್ದ. ಹೋದ ವರ್ಷ ಜ್ವರ ಬಂದು ಮುತ್ಯಾ ತೀರಿಕೊಂಡ.

ಆಮ್ಯಾಲೆ ಒಂದು ಸಂಜಿ. ಭುಜಂಗ ಶೆಟ್ಟರ ಹೊಟೇಲಿಗೆ ಮುಂಜಾನೆ ಮದುವಿ ಅಡಗಿ, ಕಟ್ಟಿಗಿ ಭಾಳ ಬೇಕಾಗಿತ್ತು. ಉಳಿದವರು ಮನಿಗೆ ಹೋಗಿದ್ರು. ಹುಸೇನಪ್ಪ ಒಳಗಿಂದ ಕೀಲಿ ಹಾಕ್ಕೊಂಡ. ಲಗೂನ ಮುಗೀಲಿ ಅಂತ ಬಲಗಡಿ ಹಿಡಿಕೀನ ಸೈಕಲ್ ಟ್ಯೂಬಿಲೆ ಬಿಗಿದು ಕಟ್ಟಿದ. ಎಡಗಡೀದನ್ನ ಸೊಂಟದಲೆ ಒತ್ತಿದ. ಎರಡೂ ಕೈ ಖಾಲಿ ಆದವು.

ಹತ್ತು ದಿಮ್ಮಿ ಚಂದ ಸೀಳಿದವು. ಹನ್ನೊಂದನೇದು ಜಾಲಿ, ಗಂಟಿನದು. ಕಟ್... ಕಟ್... ಅಂತು, ಒಡಿಲಿಲ್ಲ. ಸೊಟ್ಟಾತಂತ ನೆಟ್ಟಗ ಮಾಡಲಿಕ್ಕೆ ಹೋದ. ದಿಮ್ಮಿ ಹೊರಳಿ ಅಂವನ ಬಲಗೈನ ಕಬ್ಬಿಣದ ಅಂಚಿಗೆ ಒತ್ತಿ ಹಿಡೀತು.

ಹಿಂದ ಸರೀಬೇಕಂದ್ರ ಕೈ ಬಿಡವಲ್ದು. ಕೈ ಎಳೆದಂಗ ಮೈ ಮುಂದ ಬಗ್ಗಿ ಸೊಂಟ ಹಿಡಿಕಿ ಮ್ಯಾಲೇ ಬೀಳತದ. ಎಡಗೈ ಟ್ಯೂಬಿನ ಗಂಟಿಗೆ ಒಂದು ಗೇಣು ಕಡಿಮಿ ಬೀಳತದ. ಮಷಿನ್ ಗುಂಯ್ ಅಂತದ... ಹಲಗಿ ಕೂದಲೆಳಿಯಷ್ಟು, ಕೂದಲೆಳಿಯಷ್ಟು ಮುಂದ ಬರತದ. ಎಷ್ಟು ಒದರಿದ್ರೂ ಹೊರಗ ಯಾರಿಗೂ ಕೇಳವಲ್ದು. ಕಡೀಕ ದನಿನೂ ಹೋತು.

ಆವಾಗ ಬಾವಿ ಕಡಿಂದ... ಚರ್... ಚರ್... ಚಪ್ಪಲಿ ಎಳಿಯೋ ಸಪ್ಪಳ.

ಯಾರೋ ಬಂದ್ರು ಅಂತ ಅಂವನ ಜೀವಕ್ಕ ಜೀವ ಬಂತು. ತನಗ ತಾನ ಪಿಸುಗುಟ್ಟಿದ, "ಬಂದ..."

ಟಕ್.

ಮಷಿನ್ ನಿಂತಿತು. ಬಲಗಡಿ ಟ್ಯೂಬ್ ಪಟ್ ಅಂತ ಬಿಚ್ಚಿತು. ಹಲಗಿ ಸುಸ್ಸ್... ಅಂತ ಹಿಂದ ಸರೀತು. ಕೈ ತಕ್ಕೊಂಡು ತಿರುಗಿ ನೋಡಿದ್ರ ವಖಾರದಾಗ ಯಾರೂ ಇಲ್ಲ. ಒಳಗಿಂದ ಹಾಕಿದ ಕೀಲಿ ಹಂಗ ಅದ.

ಮನಿಗೆ ಬಂದಾಗ ಹೆಂಡ್ತಿ ಭಾಗ್ಯಾ ಕೈಗೆ ಅರಿಬಿ ಸುತ್ತಿಕೋತ ಕೇಳಿದಳಂತ, "ಯಾರು ಆರಿಸಿದ್ರು?"

"ನಾ 'ಬಂದ' ಅಂದೆ," ಅಂದ. ಅಷ್ಟ.

ಭುಜಂಗ ಶೆಟ್ಟರು ಅರ್ಧ ಅಡಗಿ ಗ್ಯಾಸಿನ ಮ್ಯಾಲೆ ಮಾಡಿಸಿದ್ರು, ಕಟ್ಟಿಗಿಗೆ ಈಗೂ ಅಲ್ಲಿಗೇ ಬರ್ತಾರ. ಹುಸೇನಪ್ಪನ ಬಲಗೈಯ ಎರಡು ಬೆರಳು ಮಡಚೂದಿಲ್ಲ, ಆದ್ರೂ ಅದ ಮಷಿನ್ ನಡಸ್ತಾನ, ಎರಡೂ ಕೈಲೆ. ಭಾಗ್ಯಾ ದಿನಾ ಸಂಜಿಕ ಬಾವಿ ಮುಂದ ಒಂದು ಕಪ್ ಚಾ ಇಟ್ಟು ಬರ್ತಾಳ. ಟ್ಯೂಬ್ ಮಾತ್ರ ಯಾರಿಗೂ ಸಿಗಲಿಲ್ಲ.

ಮತ್ತ ಬಲಗಡಿ ಹಿಡಿಕಿ... ಮುಂಜಾನೆ ವಖಾರ ತಗದಾಗ ಅದು ಬೆಚ್ಚಗಿರತದ, ಈಗ ಯಾರೋ ಕೈ ತಗದಂಗ. ಸುಳ್ಳಲ್ಲ ಮಕ್ಕಳಾ. ನಾ ಸ್ವತಃ ಹೋಗಿ ಮುಟ್ಟಿ ಬಂದೇನಿ. ಎಡಗಡೀದು ತಣ್ಣಗಿತ್ತು.